ದಸ್ತಗೀರ್ ಸಾಬರ ಎಡಗಿವಿ

ದಸ್ತಗೀರ್ ಸಾಬರು ಕೋವಿಯನ್ನು ಮೊದಲು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಯಾರು ಏನೇ ತಂದು ಮುಂದಿಡಲಿ, ಒಳಗೆ ಗುಂಡಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಎಡಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಕಾಯಿ ಕೊಳ್ಳುವವರು ಒಳಗೆ ನೀರಿದೆಯೇ ಎಂದು ನೋಡುತ್ತಾರಲ್ಲ, ಥೇಟ್ ಹಾಗೆ. ನಾನು ಹಿರಿಯೂರಿನ ತೆಂಗಿನ ಮಂಡಿಗಳ ನಡುವೆ ಬೆಳೆದವನು. ಮೊದಲ ಸಲ ಕಂಡಾಗ ನಗು ತಡೆಯಲಾಗದೆ ಫಕ್ಕನೆ ನಕ್ಕುಬಿಟ್ಟೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

"ನಗ್ರಿ ಗುಮಾಸ್ತರೆ. ಕಾಯಿ ಕೊಂಡೋನಿಗೆ ಮನೆಗೋಗಿ ಒಡೆದ್ಮೇಲೆ ಗೊತ್ತಾದ್ರೂ ನಡಿತೈತೆ. ನಂಗೆ ಬಿಚ್ಚಕ್ಕೆ ಮುಂಚೆನೇ ಗೊತ್ತಾಗ್ಬೇಕು," ಅಂದರು.

ಎಡಗಿವಿಯೇ ಯಾಕೆ ಎಂದರೆ ಬಲಗಿವಿ ಸತ್ತುಹೋಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಉತ್ತರದಲ್ಲೆಲ್ಲೋ ಸೈನ್ಯದ ವರ್ಕ್‌ಶಾಪಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರಂತೆ. ದಿನಕ್ಕೆ ನೂರಾರು ಗುಂಡು ಹಾರಿಸಿ ಪರೀಕ್ಷೆ ಮಾಡಬೇಕಿತ್ತು. ಯುದ್ಧ ಮುಗಿಯಿತು, ಕಿವಿಯೂ ಮುಗಿಯಿತು, ಚಿತ್ರದುರ್ಗಕ್ಕೆ ವಾಪಸು ಬಂದು ಅಪ್ಪನ ಅಂಗಡಿಯಲ್ಲಿ ಕೂತರು. ಅಂಗಡಿ ಇದ್ದದ್ದು ಕೋಟೆ ಕಡೆಗೆ ಹತ್ತುವ ದಾರಿಯ ಪಕ್ಕದ ಗಲ್ಲಿಯಲ್ಲಿ. ಬಿಸಿಲಿಗೆ ಕಾದ ಬಂಡೆಯ ಝಳ ಸಂಜೆಯಾದರೂ ಅಲ್ಲಿಂದ ಕದಲುತ್ತಿರಲಿಲ್ಲ. ಬಂದವರು ಕೂರುವ ಬೆಂಚು ಸಾಬರ ಎಡಕ್ಕಿತ್ತು. ಯಾರ ಮಾತಾದರೂ ಬೇಡವೆನಿಸಿದರೆ ಅವರು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ತಿರುಗಿ ಕೂತು ಬಲಗಿವಿ ಕೊಡುತ್ತಿದ್ದರು. ದೊಡ್ಡ ದೊಡ್ಡವರೆಲ್ಲ ಆ ಬಲಗಿವಿಗೆ ಅರ್ಧ ಗಂಟೆ ಭಾಷಣ ಮಾಡಿ ಹೋದದ್ದನ್ನು ನಾನೇ ನೋಡಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನನಗಾಗ ಇಪ್ಪತ್ತಾರು. ದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಬಂದೂಕು ಲೈಸೆನ್ಸಿನ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತ. ಕಡತಗಳ ಕೆಲಸಕ್ಕೆ ಆಗಾಗ ಸಾಬರ ಅಭಿಪ್ರಾಯ ಬೇಕಾಗುತ್ತಿತ್ತು, ಹಾಗೆ ಪರಿಚಯ. ಆಮೇಲೆ ಭಾನುವಾರಗಳಂದು ಕೆಲಸವಿಲ್ಲದೆಯೂ ಹೋಗತೊಡಗಿದೆ. ಹೋಗಲು ಬೇರೆ ಜಾಗ ಎಲ್ಲಿತ್ತು? ಅವ್ವ ತೀರಿಕೊಂಡ ಮೇಲೆ ಹಿರಿಯೂರಿನ ಮನೆ ಅಣ್ಣಂದಿರ ಮನೆಯಾಗಿತ್ತು. ದುರ್ಗದಲ್ಲಿ ಒಂದು ಬಾಡಿಗೆ ಕೋಣೆ, ಮೂರು ಹೊತ್ತು ಹೋಟೆಲ್ ಊಟ. ಶನಿವಾರ ಸಂಜೆ ಕಚೇರಿ ಬಿಟ್ಟರೆ ಸೋಮವಾರ ಬೆಳಿಗ್ಗೆಯವರೆಗೆ ಸರ್ವರ್ ಒಬ್ಬನನ್ನು ಬಿಟ್ಟು ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಸಾಬರದೂ ಅದೇ ಕಥೆ. ಹೆಂಡತಿ ಹೋಗಿ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದೆಯೇ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌವು. ಟೀ ಮಾಡಿದರೆ ಸಾಸರಿಗೆ ಬಗ್ಗಿಸಿ ನನಗೆ ಕೊಟ್ಟು, ತಾವು ಕಪ್ಪಿನಲ್ಲಿ ಉಳಿದದ್ದನ್ನು ಕುಡಿಯುತ್ತಿದ್ದರು. ಮನೆಯಲ್ಲಿದ್ದದ್ದೇ ಒಂದು ಕಪ್ಪು, ಒಂದು ಸಾಸರು. ಇನ್ನೊಂದು ಜೊತೆ ತರುತ್ತೇನೆಂದು ನಾನು ಎಷ್ಟೋ ಸಲ ಅಂದುಕೊಂಡೆ, ತರಲಿಲ್ಲ.

ಕೆಲಸದಲ್ಲಿ ಭಾರಿ ಮಡಿವಂತರು. ಕೋವಿ ಬಿಚ್ಚುವಾಗ ಬಿಳಿ ಬಟ್ಟೆ ಹಾಸಿ, ಒಂದೊಂದೇ ಭಾಗ ಇಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವರು. ಆಮೇಲೆ ಗಾಳಿಪಟದ ತೆಳು ಕಾಗದ ತೆಗೆದು, ಕೋವಿಯ ಮೇಲೆ ಕೊರೆದ ಅಕ್ಷರ, ಅಂಕಿ, ಮುದ್ರೆಗಳ ಮೇಲಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಉರ್ದು ಮತ್ತು ಅಂಕಿ, ಅಷ್ಟೇ. ಆದರೆ ಯಾವ ಮುದ್ರೆ ಯಾವ ಕಾರ್ಖಾನೆಯದು, ಯಾವುದನ್ನು ಆಮೇಲೆ ಯಾರೋ ಕೊರೆದಿದ್ದಾರೆ ಎಂಬುದನ್ನು ಅವರ ಹೆಬ್ಬೆರಳಿನ ಉಗುರು ಹೇಳುತ್ತಿತ್ತು.

ನಾಲಿಗೆ ಮಾತ್ರ ಕಬ್ಬಿಣ ಉಜ್ಜುವ ಅರದ ಹಾಗೆ. ಬಿ.ದುರ್ಗದ ಕಡೆಯ ಒಬ್ಬ ಜಮೀನ್ದಾರರು ಒಂದು ಕೋವಿ ತಂದು, ಪಾಳೇಗಾರರ ಕಾಲದ್ದು, ಮುತ್ತಾತನಿಗೆ ಇನಾಮು ಬಂದದ್ದು ಎಂದು ಎದೆಯುಬ್ಬಿಸಿ ನಿಂತಿದ್ದರು. ಜೊತೆಗೆ ನಾಲ್ಕು ಜನ ಹೊಗಳುಭಟರು. ಸಾಬರು ಕಿವಿಗೆ ಹಿಡಿದು ಅಲ್ಲಾಡಿಸಿ, ಒಂದು ಸ್ಕ್ರೂ ಬಿಚ್ಚಿ ಅಂಗೈಮೇಲಿಟ್ಟುಕೊಂಡು ಕೇಳಿದರು.

"ನಿಮ್ಮ ಮುತ್ತಾತ ಬಸ್ಸಲ್ಲಿ ಓಡಾಡ್ತಿದ್ರೇನ್ರಿ ಯಜಮಾನ್ರೆ?"

"ಯಾಕ್ರಿ ಸಾಬ್ರೆ?"

"ಇದು ಮಿಷನ್ನಲ್ಲಿ ಕಡೆದ ಸ್ಕ್ರೂ. ಅವರ ಕಾಲದಾಗೆ ಇಂಥ ಮಿಷನ್ ಇತ್ತು ಅಂದ್ರೆ ಬಸ್ಸೂ ಇದ್ದಿರ್ಬೇಕು ಅಂದ್ಕಂಡೆ."

ಜೊತೆಗೆ ಬಂದವರೇ ಮೊದಲು ನಕ್ಕರು. ನಾನೂ ಹೊಟ್ಟೆ ಹಿಡಿದು ನಕ್ಕೆ. ಆ ಜಮೀನ್ದಾರರ ಮುಖ ಹೇಗಾಗಿತ್ತೆಂದು ನೋಡುವಷ್ಟು ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ. ಈಗ ಅದು ನೆನಪಾದರೆ ಸಂಕಟವಾಗುತ್ತದೆ.

ಒಂದು ವರ್ಷ, ಜಿಲ್ಲೆಯ ಹಳೇ ಲೈಸೆನ್ಸುಗಳನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಬೇಕೆಂದು ಮೇಲಿನಿಂದ ಆದೇಶ ಬಂತು. ಆಗ ಬಂದವರು ಹೊಸದುರ್ಗ ತಾಲ್ಲೂಕು ಮತ್ತೋಡಿನ ಕೆಂಚಪ್ಪ. ಕುರಿ ಕಾಯುವ ಮನೆತನ. ಪ್ರಾಯದಲ್ಲಿ ಅದೇ ಯುದ್ಧಕ್ಕೆ ಸೇರಿ ಅಸ್ಸಾಮಿನ ಕಾಡಿನಲ್ಲಿ ಸಾಮಾನು ಹೊರುವ ಹೇಸರಗತ್ತೆಗಳ ಕಂಪನಿಯಲ್ಲಿದ್ದವರು. ಈಗ ಅರವತ್ತರ ಹತ್ತಿರ, ಹೆಗಲ ಮೇಲೆ ಕಂಬಳಿ, ನೆಟ್ಟಗೆ ನಿಲ್ಲುವ ಮೈ. ಅವರ ಹತ್ತಿರ ನಲವತ್ತೈದು ಬೋರಿನ ಅಮೆರಿಕದ ಪಿಸ್ತೂಲೊಂದಿತ್ತು. ಕಡತ ತೆರೆದರೆ ಇಪ್ಪತ್ತು ವರ್ಷದ ಹಿಂದಿನ ಒಂದು ಕಾಗದ: "ಹಳ್ಳಿಯ ಕಮ್ಮಾರರು ಅರ ಹಾಕಿ ತಿದ್ದಿದ ಪಿಸ್ತೂಲು. ಮೂಲ ತಿಳಿಯದು. ಬೆಲೆಯಿಲ್ಲದ್ದು." ಕೆಳಗೆ ಉರ್ದುವಿನಲ್ಲಿ ದಸ್ತಗೀರ್ ಸಾಬರ ಸಹಿ.

ಕೆಂಚಪ್ಪನವರನ್ನೂ ಪಿಸ್ತೂಲನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ಸಾಬರಿಗೆ ಅವರ ನೆನಪೇ ಇರಲಿಲ್ಲ.

"ಕುಂತ್ಕಳ್ರಿ. ಎಲ್ಲಿ ಸಿಕ್ತು ಇದು?"

"ಅವತ್ತೂ ಹೇಳಿದ್ದೆ ಸಾಬ್ರೆ, ಇವತ್ತೂ ಅದನ್ನೇ ಹೇಳ್ತೀನಿ," ಅಂದರು ಕೆಂಚಪ್ಪ. "ಅಮೆರಿಕದ ಸಾಹೇಬ ಒಬ್ಬ ನಮ್ಮ ಕ್ಯಾಂಪಿಗೆ ಬರ್ತಿದ್ದ. ಅವರ ದೇಶದಾಗೆ ಸೈನ್ಯದೋರು ಗುರಿ ಹೊಡಿಯೋ ಪಂದ್ಯ ಆಡ್ತಾರಂತಲ್ಲ, ಅದ್ರಾಗೆ ಹೊಡಿಯೋ ಪಿಸ್ತೂಲು ಇದು. ಒಂದು ಭಾನುವಾರ ಡಬ್ಬ ಇಟ್ಟು ಎಲ್ರಿಗೂ ಹೊಡಿರಿ ಅಂದ. ನಾನು ಚಿಕ್ಕಂದಿನಿಂದ ಕವಣೆ ಬೀಸಿದೋನು. ಹತ್ತಕ್ಕೆ ಹತ್ತೂ ಹೊಡೆದೆ. ಆಮೇಲೆ ಜ್ವರ ಬಂದು ಅವನನ್ನ ಊರಿಗೆ ಕಳಿಸಿದ್ರು. ಹೋಗೋವಾಗ ನನ್ನ ಕೈಗಿಟ್ಟು ಹೋದ."

ಸಾಬರು ಪಿಸ್ತೂಲನ್ನು ಎಡಗಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಮತ್ತೆ ಅಲ್ಲಾಡಿಸಿದರು. ಸೈನ್ಯದ ಪಿಸ್ತೂಲುಗಳು ಗಡಗಡ ಅನ್ನಬೇಕು. ಮಣ್ಣು ನುಗ್ಗಿದರೂ ಸಿಕ್ಕಿಕೊಳ್ಳಬಾರದೆಂದು ಬೇಕೆಂದೇ ಸಡಿಲವಾಗಿ ಮಾಡಿರುತ್ತಾರೆ ಎಂದು ನನಗೇ ಎಷ್ಟೋ ಸಲ ಹೇಳಿದ್ದರು. ಇದು ಕಲ್ಲಿನ ಹಾಗೆ ಸುಮ್ಮನಿತ್ತು.

"ಅವತ್ತೂ ಹಿಂಗೇ ಎರಡು ಸಲ ಅಲ್ಲಾಡಿಸಿದ್ರಿ," ಅಂದರು ಕೆಂಚಪ್ಪ. ದನಿ ಏರಲಿಲ್ಲ. "ಬಿಚ್ಚಲಿಲ್ಲ. ನಮ್ಮೂರ ನಾಕು ಜನ ನನ್ ಜೊತೆಗಿದ್ರು. 'ಪಂದ್ಯ ಅಲ್ಲಪ್ಪ, ಇದನ್ನ ಯಾರೋ ಗುದ್ದಲಿ ತಟ್ಟೋನು ತಟ್ಟಿರೋದು, ನಿಮ್ಮ ಸಾಹೇಬನೂ ಅವನ ಹತ್ರನೇ ಸಿಕ್ಕಿರ್ಬೇಕು' ಅಂದ್ರಿ. ಅವ್ರೆಲ್ಲ ನಕ್ಕರು. ಬಸ್ಸಲ್ಲಿ ಊರು ಮುಟ್ಟೋವರೆಗೂ ನಕ್ಕರು. ಅವತ್ತಿಂದ ನಾನು ಗುದ್ದಲಿ ಕೆಂಚಪ್ಪ ಸಾಬ್ರೆ."

ಸಾಬರು ಪಿಸ್ತೂಲನ್ನು ಕೆಳಗಿಟ್ಟರು. ಬಿಳಿ ಬಟ್ಟೆ ಹಾಸಿದರು.

ಬಿಚ್ಚುತ್ತ ಹೋದ ಹಾಗೆ ಅವರ ಕೈ ನಿಧಾನವಾಯಿತು. ನಳಿಗೆಯ ಮೂತಿಗೆ ಕೂರುವ ಉಕ್ಕಿನ ಉಂಗುರದ ಒಳಗೆ ಸಣ್ಣದಾಗಿ ಮೂರು ಅಂಕಿ ಕೆತ್ತಿತ್ತು. ಪಿಸ್ತೂಲಿನ ನಂಬರಿನ ಕೊನೆಯ ಮೂರು ಅಂಕಿ ಅವೇ. ಅಂದರೆ ಆ ಉಂಗುರವನ್ನು ಇದೇ ಪಿಸ್ತೂಲಿಗೆಂದು ಯಾರೋ ಕೈಯಲ್ಲಿ ಕೂರಿಸಿದ್ದರು. ಅರದ ಗೆರೆಗಳಿದ್ದವು, ನಿಜ. ಆದರೆ ಎಲ್ಲವೂ ಒಂದೇ ದಿಕ್ಕಿಗೆ, ಮೇಲೆ ಎಣ್ಣೆ ಸಾಣೆಕಲ್ಲಿನಲ್ಲಿ ತಿಕ್ಕಿದ ನುಣುಪು. ನಳಿಗೆಯ ಮೇಲೆ ಎರಡು ಇಂಗ್ಲಿಷ್ ಅಕ್ಷರ. ಸಾಬರು ಕನ್ನಡಕ ಏರಿಸಿ, ಉಗುರಾಡಿಸಿ, ನನ್ನನ್ನೂ ಕರೆದು ತೋರಿಸಿದರು.

"ನೋಡ್ರಿ ಗುಮಾಸ್ತರೆ. ಆಮೇಲೆ ಹೊಡೆದ ಅಕ್ಷರ ಆಗಿದ್ರೆ ಹಳ್ಳದಾಗೆ ಬಿಳೀ ಕಬ್ಬಿಣ ಕಾಣ್ಬೇಕು, ಅಂಚು ಎದ್ದಿರ್ಬೇಕು. ಇಲ್ಲಿ ಮೇಲಿರೋ ಕಪ್ಪುನೀಲಿ ಹಳ್ಳದೊಳಗೂ ಇಳಿದೈತೆ. ಬಣ್ಣ ಏರಿಸಕ್ಕೆ ಮುಂಚೆನೇ ಹೊಡೆದಿರೋದು. ಏನಂತ ಬರೆದೈತೆ?"

ಅಕ್ಷರಗಳನ್ನು ಓದಿ ಹೇಳಿದೆ. ಅದರರ್ಥ ನನಗೂ ಗೊತ್ತಿರಲಿಲ್ಲ. ಅವರು ಎದ್ದು ಒಳಗೆ ಹೋಗಿ, ಟ್ರಂಕಿನಿಂದ ಹರಿದ ರಟ್ಟಿನ ಒಂದು ಇಂಗ್ಲಿಷ್ ಕೈಪಿಡಿ ತಂದರು. ವರ್ಕ್‌ಶಾಪಿನ ಅಮೆರಿಕದವನೊಬ್ಬ ಬಿಟ್ಟು ಹೋದದ್ದಂತೆ. ಮೂವತ್ತು ವರ್ಷದಿಂದ ಅದರ ಚಿತ್ರಗಳನ್ನು ನೋಡಿಯೇ ಸಾಬರು ಎಷ್ಟೋ ಪಿಸ್ತೂಲು ಸರಿ ಮಾಡಿದ್ದರು. ಅಕ್ಷರದ ಪುಟಗಳ ಅಂಚು ಒಂದೂ ಮಾಸಿರಲಿಲ್ಲ.

ಹುಡುಕಿದೆ. ಹಿಂದಿನ ಪುಟಗಳಲ್ಲಿ ಚಿತ್ರವಿಲ್ಲದ ಒಂದು ಪ್ಯಾರಾ ಸಿಕ್ಕಿತು. ಅದೇ ಎರಡು ಅಕ್ಷರ. ಸೈನ್ಯದ ಗುರಿ ಪಂದ್ಯಗಳಿಗೆಂದು ಬೇರೆಯಾಗಿ ಆರಿಸಿದ ಪಿಸ್ತೂಲುಗಳಿಗೆ ಹಾಕುವ ಗುರುತು ಅದು, ಅವುಗಳ ಭಾಗಗಳನ್ನು ಕೈಯಲ್ಲೇ ಅರ ಹಾಕಿ ಬಿಗಿಯಾಗಿ ಕೂರಿಸಿರುತ್ತಾರೆ, ಅಲ್ಲಾಡಿಸಿದರೆ ಸದ್ದು ಬರಬಾರದು ಎಂದಿತ್ತು. ಓದಿ ಕನ್ನಡದಲ್ಲಿ ಹೇಳಿದೆ.

"ನನ್ನ ಪೆಟ್ಟಿಗೆಯಾಗೇ ಇತ್ತಾ ಇದು," ಅಂದರು ಸಾಬರು.

ತೊಡಕು ಅಲ್ಲಿಗೆ ಮುಗಿಯಲಿಲ್ಲ. ಪಿಸ್ತೂಲು ನಕಲಿಯಾಗಿದ್ದರೆ ಕೆಂಚಪ್ಪನವರ ಹತ್ತಿರವೇ ಉಳಿಯುತ್ತಿತ್ತು. ಅಸಲಿ ಎಂದರೆ ಸೈನ್ಯದ ಸೊತ್ತು, ಸರ್ಕಾರ ತೆಗೆದುಕೊಳ್ಳುತ್ತದೆ. ಸಾಬರ ತಪ್ಪು ಮಾತೇ ಇಷ್ಟು ವರ್ಷ ಆ ಪಿಸ್ತೂಲನ್ನು ಕಾಪಾಡಿತ್ತು. ನಾನು ಗುಮಾಸ್ತ, ಗುಮಾಸ್ತನ ಬುದ್ಧಿಯನ್ನೇ ಹೇಳಿದೆ: ಹಳೇ ಕಾಗದ ಹಾಗೇ ಇರಲಿ, ಯಾರು ಕೇಳುತ್ತಾರೆ. ಸಾಬರು ನನಗೆ ಬಲಗಿವಿ ಕೊಟ್ಟು ಕೂತರು. ನನಗೆ ಅವರು ಹಾಗೆ ಮಾಡಿದ್ದು ಅದೊಂದೇ ಸಲ.

ಕೆಂಚಪ್ಪ ಹೇಳಿದರು: "ಪಿಸ್ತೂಲು ಹೋಗ್ಲಿ ಸ್ವಾಮಿ. ಇಟ್ಕಂಡು ಏನು ನರಿ ಹೊಡೀಬೇಕಾ ನಾನು? ನಾನು ಸುಳ್ಳ ಅಲ್ಲ ಅಂತ ಬರ್ಕೊಡ್ರಿ. ಅಷ್ಟು ಸಾಕು."

ಸಾಬರು ಹೇಳಿದರು, ನಾನು ಬರೆದೆ. "ಈ ಪಿಸ್ತೂಲು ಅಸಲಿ. ಅಮೆರಿಕದ ಸೈನ್ಯದ ಪಂದ್ಯದ ಪಿಸ್ತೂಲು. ಇದರ ಬಗ್ಗೆ ಕೆಂಚಪ್ಪನವರು ಹೇಳಿದ್ದಕ್ಕೂ ನಾನು ಕಂಡಿದ್ದಕ್ಕೂ ವ್ಯತ್ಯಾಸವಿಲ್ಲ. ಹಿಂದೆ ನಾನು ಬಿಚ್ಚಿ ನೋಡದೆ ಹೇಳಿದೆ. ಅದು ತಪ್ಪು." ಕೊನೆಯ ಎರಡು ಸಾಲು ಕಚೇರಿಗೆ ಬೇಕಿಲ್ಲ ಎಂದೆ. "ಅದನ್ನ ಬಿಟ್ರೆ ಮಿಕ್ಕಿದ್ದೆಲ್ಲ ಯಾಕೆ ಬರೀಬೇಕು," ಅಂದರು.

ಮುಂದಿನ ಭಾನುವಾರ ನಾನು ಹೋದಾಗ ಅಂಗಡಿ ಬಾಗಿಲು ಹಾಕಿತ್ತು. ಸಾಬರು ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು ಹೊರಗೆ ನಿಂತಿದ್ದರು. ಕಾಗದದ ಒಂದು ಪ್ರತಿ ಜೇಬಿನಲ್ಲಿತ್ತು. "ಮತ್ತೋಡಿಗೆ ಹೋಗಾಣ ಬರ್ರಿ ಗುಮಾಸ್ತರೆ. ನಾಕು ಜನರ ಮುಂದೆ ಅಂದಿದ್ದು, ನಾಕು ಜನರ ಮುಂದೇನೇ ವಾಪಸ್ ತಗಾಬೇಕು. ನಂಗೆ ಕನ್ನಡ ಓದಕ್ಕೆ ಬರಲ್ಲ, ನೀವು ಓದ್ರಿ." ಹೆಂಡತಿ ತೀರಿದ ಮೇಲೆ ದುರ್ಗ ಬಿಟ್ಟು ಹೊರಗೆ ಕಾಲಿಡದ ಮನುಷ್ಯ. ಹೊಳಲ್ಕೆರೆಯವರೆಗೆ ನಿಂತೇ ಹೋದೆವು, ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಮತ್ತೋಡಿನಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು.

ಕೆಂಚಪ್ಪ ಹಟ್ಟಿಯ ಮುಂದೆ ಕುರಿಗಳಿಗೆ ನೀರು ಹೊಯ್ಯುತ್ತಿದ್ದರು. ಸಾಬರು ಬಂದ ಕಾರಣ ಕೇಳಿ ಕೊಡವನ್ನು ಕೆಳಗಿಟ್ಟರು.

"ಅವತ್ತು ನಿಮ್ಮ ಜೊತೆ ಬಂದಿದ್ದೋರನ್ನ ಕರೀರಿ," ಅಂದರು ಸಾಬರು.

"ಯಾರೂ ಇಲ್ಲಲ್ಲ ಸಾಬ್ರೆ. ನಾಕೂ ಜನ ಹೋದ್ರು. ಹೋದ್ ವರ್ಷ ಕೊನೆಯೋನೂ ಹೋದ."

"ಊರಿನೋರು?"

"ಈಗಿನ ಹುಡುಗ್ರು ಗುದ್ದಲಿ ಕೆಂಚಪ್ಪ ಅಂತಾರೆ. ಯಾಕೆ ಅಂತ ಅವ್ರಿಗೇ ಗೊತ್ತಿಲ್ಲ. ಗುದ್ದಲಿ ಕೆಲಸದೋನು ಅಂದ್ಕಂಡವರೆ."

ಸಾಬರು ಬಿಸಿಲಿನಲ್ಲೇ ನಿಂತಿದ್ದರು. ಶೇರವಾನಿಯ ಬೆನ್ನು ಪೂರಾ ಒದ್ದೆಯಾಗಿತ್ತು. ಕೊನೆಗೆ ಕೇಳಿದರು.

"ನಿಮ್ಮ ಮನೆಯೋರು?"

ಕೆಂಚಪ್ಪ ಹೊಲದ ಕಡೆ ನೋಡಿದರು. "ಈರಕ್ಕ ಹೋಗಿ ನಾಕು ವರ್ಷ ಆತು," ಅಂದರು. "ಅವಳೂ ನಂಬಿರ್ಲಿಲ್ಲ. ಬಾಯಿ ಬಿಟ್ಟು ಅಂದೋಳಲ್ಲ. ಆದ್ರೆ ನಾನು ಯಾರ ಮುಂದಾದ್ರೂ ಅಸ್ಸಾಮಿನ ಮಾತು ತೆಗೆದ್ರೆ ಎದ್ದು ಒಳಗೆ ಹೋಗೋಳು."

"ಎಲ್ಲಿ ಮಣ್ಣು ಮಾಡೀರಿ?"

ಹೊಲದ ಬದುವಿನಲ್ಲಿ ಒಂದು ಕಲ್ಲು ನೆಟ್ಟಿದ್ದರು. ಸಾಬರು ಚಪ್ಪಲಿ ದೂರ ಬಿಟ್ಟು ಬಂದು, ಟೋಪಿ ಸರಿಮಾಡಿಕೊಂಡು, ಓದ್ರಿ ಎಂದು ನನಗೆ ಕಣ್ಸನ್ನೆ ಮಾಡಿದರು. ನನಗೆ ನಾಚಿಕೆಯಾಯಿತು, ಯಾರಾದರೂ ನೋಡಿಯಾರೆಂದು ಸುತ್ತ ನೋಡಿದೆ. ಕುರಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಓದಿದೆ. ಮುಗಿದ ಮೇಲೆ ಸಾಬರು ಕಲ್ಲಿನ ಕಡೆ ಬಗ್ಗಿ, ಎದುರಿಗಿದ್ದವರಿಗೆ ಹೇಳುವ ದನಿಯಲ್ಲೇ ಹೇಳಿದರು: "ತಾಯಿ, ನಿಮ್ಮ ಯಜಮಾನ್ರು ನಿಜ ಹೇಳಿದ್ರು. ಸುಳ್ಳು ನಂದು." ಕೆಂಚಪ್ಪ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡರು. ನನಗೂ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಸಾಬರು ಒಂದೇ ಮಾತಾಡಿದ್ದು. "ಮೂವತ್ತು ವರ್ಷದಾಗೆ ಹಿಂಗೆ ಇನ್ನೆಷ್ಟು ಜನಕ್ಕೆ ಅಂದೀನೋ ಗುಮಾಸ್ತರೆ."

ಪಿಸ್ತೂಲನ್ನು ಉತ್ತರದ ಒಂದು ಸೈನ್ಯದ ಶಸ್ತ್ರಾಗಾರಕ್ಕೆ ಕಳಿಸಿದರು. ಅಲ್ಲಿನ ಪರಿಣತರು ನೋಡಿ ಕಚೇರಿಗೂ ಕೆಂಚಪ್ಪನವರಿಗೂ ಉತ್ತರ ಬರೆಯಬೇಕಿತ್ತು. ಸಾಬರು ಅದನ್ನೇ ಕಾಯತೊಡಗಿದರು. ಅಂಗಡಿಗೆ ಯಾರಾದರೂ ಕೋವಿ ತಂದರೆ ಕಿವಿಗೆ ಹಿಡಿಯುವುದನ್ನೇ ಬಿಟ್ಟುಬಿಟ್ಟರು. ರಿಪೇರಿ ಮಾಡುವರು, ಇದು ಯಾವುದು, ಎಲ್ಲಿಯದು ಎಂದರೆ ತಲೆಯಾಡಿಸಿ "ನಂಗೊತ್ತಿಲ್ಲ ಯಜಮಾನ್ರೆ" ಅನ್ನುವರು. ಜನ ಬರುವುದು ಕಡಿಮೆಯಾಯಿತು. ನಾನು ಹೋದಾಗಲೆಲ್ಲ ಟೀಗಿಂತ ಮೊದಲು ಅದೇ ಪ್ರಶ್ನೆ: "ಕಾಗದ ಬಂತೇನ್ರಿ? ಒಂದು ಸಲ ತಪ್ಪಿದೋನು ಎರಡನೇ ಸಲನೂ ತಪ್ಪಿದ್ರೆ?" ನೀವು ಸರಿಯಾಗೇ ಹೇಳಿದ್ದೀರಿ ಎಂದರೆ, "ನೀವು ಓದಿದೋರು, ನೋಡಿದೋರಲ್ಲ" ಅನ್ನುವರು.

ಅಷ್ಟರಲ್ಲಿ ನನಗೆ ಹೊಸದುರ್ಗಕ್ಕೆ ವರ್ಗವಾಯಿತು. ಹೇಳಿ ಹೋಗಲು ಬಂದ ದಿನ ಸಾಸರಿನಲ್ಲಿ ಟೀ ಕೊಟ್ಟರು. ನನಗಿನ್ನು ಭಾನುವಾರ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಅವರಿಗೂ ತಿಳಿಯುತ್ತಿರಲಿಲ್ಲ ಅನ್ನಿಸುತ್ತದೆ. "ಕಾಗದ ಬಂದ್ರೆ ಬಸ್ ಹತ್ತಿ ಬಂದ್ಬಿಡ್ರಿ. ಪೋಸ್ಟಿಗೆ ಹಾಕ್ಬ್ಯಾಡ್ರಿ, ಯಾರು ಓದ್ತಾರೆ ನಂಗೆ," ಅಂದರು. ಬರುತ್ತೇನೆ ಎಂದೆ. ಹೊಸದುರ್ಗದಿಂದ ದುರ್ಗ ಏನು ದೂರ? ಆದರೂ ಕಾಗದ ಬರಲಿ, ಬಂದ ಮೇಲೆ ಹೋದರಾಯಿತು ಎಂದು ತಿಂಗಳು ತಿಂಗಳು ದೂಡಿದೆ. ಅದು ನನ್ನ ತಪ್ಪು, ಯಾರ ಮೇಲೂ ಹಾಕಲಾರೆ.

ಒಂದು ಬೆಳಿಗ್ಗೆ ಕೆಂಚಪ್ಪ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಉದ್ದನೆಯ ಲಕೋಟೆ.

"ಕಾಗದ ಬಂದೈತೆ ಸ್ವಾಮಿ. ವಿಳಾಸ ಇಂಗ್ಲಿಷಲ್ಲೈತೆ, ಮುದ್ರೆ ನೋಡಿ ಇದೇ ಅಂದ್ಕಂಡೆ. ನಿನ್ನೆ ತಗಂಡು ದುರ್ಗಕ್ಕೆ ಹೋಗಿದ್ದೆ, ಮೊದ್ಲು ಸಾಬ್ರೇ ಕೇಳ್ಲಿ ಅಂತ." ಲಕೋಟೆಯನ್ನು ನನ್ನ ಕೈಗಿಟ್ಟು ಹೇಳಿದರು: "ಅಂಗಡಿ ಹಾಕೈತೆ. ಸಾಬ್ರು ಹೋಗಿ ಎರಡು ತಿಂಗಳಾತಂತೆ."

ಇಬ್ಬರೂ ಅವತ್ತೇ ಬಸ್ಸು ಹತ್ತಿದೆವು. ದುರ್ಗದ ಖಬರಸ್ತಾನದಲ್ಲಿ ಕಾವಲಿನ ಮುದುಕರೊಬ್ಬರು ಕರೆದುಕೊಂಡು ಹೋಗಿ ಒಂದು ಮಣ್ಣಿನ ದಿಬ್ಬ ತೋರಿಸಿದರು. ಹೆಸರಿಲ್ಲ, ಕಲ್ಲಿಲ್ಲ, ಪಕ್ಕದ ದಿಬ್ಬಗಳಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಕೆಂಚಪ್ಪ ಚಪ್ಪಲಿಯನ್ನು ದೂರ ಬಿಟ್ಟು ಬಂದರು. ನಾನು ಲಕೋಟೆ ಒಡೆದು ಕಾಗದ ಬಿಡಿಸಿ, ನಿಂತಲ್ಲೇ ಓದಲು ಹೊರಟೆ. ಅವರು ನನ್ನ ತೋಳು ಹಿಡಿದರು.

"ತಡೀರಿ ಸ್ವಾಮಿ. ಬಲಗಿವಿ ಕಡೆ ನಿಂತ್ರೆ ಅವರಿಗೆ ಕೇಳಲ್ಲ." ಆಮೇಲೆ ಮುದುಕರ ಕಡೆ ತಿರುಗಿದರು. "ಹೆಂಗೆ ಮಲಗ್ಸೀರಿ ಸಾಬ್ರನ್ನ?"

"ಎಲ್ರನ್ನೂ ಮಲಗ್ಸೋ ಹಂಗೇನೇ ಅಪ್ಪ. ಮುಖ ಪಡುವಲಕ್ಕೆ, ಬಲಮಗ್ಗುಲಿಗೆ."

ಕೆಂಚಪ್ಪ ಮಣ್ಣಿನ ದಿಬ್ಬವನ್ನು ಕೊಂಚ ಹೊತ್ತು ನೋಡಿ ಲೆಕ್ಕ ಹಾಕಿದರು.

"ಹಂಗಾರೆ ಒಳ್ಳೇ ಕಿವಿ ಮೇಲೈತೆ," ಅಂದರು. "ಓದ್ರಿ."

ಪಿಸ್ತೂಲನ್ನು ಬಿಚ್ಚಿ ಪರೀಕ್ಷಿಸಲಾಗಿದೆ, ಚಿತ್ರದುರ್ಗದ ಬಂದೂಕು ರಿಪೇರಿಯವರು ಕೊಟ್ಟ ಎರಡನೆಯ ಅಭಿಪ್ರಾಯ ಎಲ್ಲ ವಿಷಯಗಳಲ್ಲೂ ಸರಿಯಾಗಿದೆ ಎಂದಿತ್ತು. ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದೆ. ಕೆಂಚಪ್ಪ ಕಂಬಳಿಯನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ಕೇಳಿದರು. ಮುಗಿದ ಮೇಲೆ ಹೇಳಿದರು.

"ಇನ್ನೊಂದು ಸಲ ಓದ್ರಿ. ಅವರು ಯಾವಾಗ್ಲೂ ಎರಡು ಸಲ ನೋಡೋರು."

ನಾನು ಬಗ್ಗಿ, ಇನ್ನೊಂದು ಸಲ ಓದಿದೆ.